ಬೆನ್ನು ಮಣ್ಣಿಗೆ ತಾಗದ ಹಾಗೆ

(ಗರಡಿ ಮನೆಗಳ ಉಸ್ತಾದರ ಸ್ಮರಣೆಗಾಗಿ ಸ್ಥಾಪಿಸಿದ ದತ್ತಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಈ ದತ್ತಿಯ ಹಿಂದೆ ಇರುವುದು ದೊಡ್ಡ ಮೊತ್ತವಲ್ಲ. ಬೆಳಗಿನ ಜಾವ ಗರಡಿಯ ಬೀಗ ತೆಗೆದು, ಮಣ್ಣು ಅಗೆದು, ಹುಡುಗರನ್ನು ಪಳಗಿಸಿ, ಆಮೇಲೆ ಕಾರ್ಖಾನೆಗೋ ಮರಗೆಲಸಕ್ಕೋ ಹೋಗುತ್ತಿದ್ದ ಉಸ್ತಾದರ ಮಕ್ಕಳು ತಮ್ಮ ದುಡಿಮೆಯಲ್ಲಿ ಉಳಿಸಿ ಇಟ್ಟ ಹಣ ಇದು. ಸಾಹಿತ್ಯದ ಮೇಲೆ ದತ್ತಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಕುಸ್ತಿಯ ಮೇಲೆ ಇರುವುದು ವಿರಳ. ಹಾಗಾಗಿ ಇಲ್ಲಿ ನಿಂತು ಮಾತಾಡುವ ಅವಕಾಶವನ್ನು ನಾನು ಗೌರವವೆಂದೇ ತಿಳಿದಿದ್ದೇನೆ.

ನನಗೆ ಕೊಟ್ಟ ವಿಷಯ ‘ಬಲಾಬಲ’. ತನಗಿಂತ ಬಲಿಷ್ಠನಾದವನ ಎದುರು ನಿಲ್ಲಬೇಕಾಗಿ ಬಂದವನ ಅನುಭವ ಏನು, ಅದರಿಂದ ತಿಳಿಯುವುದೇನು ಎಂದು ಹೇಳಬೇಕು. ಇದನ್ನು ಪುಸ್ತಕದ ವಿಚಾರವಾಗಿ ಹೇಳಬಹುದಿತ್ತು. ಆದರೆ ಕಾಲೇಜಿನ ದಿನಗಳಲ್ಲಿ ನಾನು ಗರಡಿಯ ಹುಡುಗ. ಒಮ್ಮೆ, ನನ್ನ ಜೋಡಿಯೇ ಅಲ್ಲದ ಪೈಲ್ವಾನರೊಬ್ಬರ ಎದುರು ಅಖಾಡಕ್ಕೆ ಇಳಿದಿದ್ದೇನೆ. ಆ ಒಂದು ಕುಸ್ತಿಯನ್ನು ಇಟ್ಟುಕೊಂಡೇ ಮಾತಾಡುತ್ತೇನೆ. ಅದಕ್ಕೂ ಮೊದಲು, ಜೋಡಿ ಕಟ್ಟುವುದು ಎಂದರೇನು ಎಂಬುದನ್ನು ಕುಸ್ತಿ ನೋಡದವರಿಗಾಗಿ ಸ್ವಲ್ಪ ಹೇಳಬೇಕು.

ಮೈಸೂರಿನ ದಸರಾ ಕುಸ್ತಿ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುವುದು ನಿಮಗೆ ಗೊತ್ತು. ಅದಕ್ಕೆ ಮುಂಚೆ ಒಂದು ದಿನ ಪೈಲ್ವಾನರೂ ಉಸ್ತಾದರೂ ಸೇರುತ್ತಾರೆ. ಹುಡುಗರು ಅಂಗಿ ಬಿಚ್ಚಿ ನಿಲ್ಲುತ್ತಾರೆ. ಹಿರಿಯರು ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಹೆಗಲು ನೋಡುತ್ತಾರೆ, ಕತ್ತು ನೋಡುತ್ತಾರೆ, ವಯಸ್ಸು ಕೇಳುತ್ತಾರೆ, ಯಾವ ಗರಡಿ, ಹಿಂದೆ ಯಾರ ಮೇಲೆ ಆಡಿದ್ದೀಯ ಎಂದು ವಿಚಾರಿಸುತ್ತಾರೆ. ಒಬ್ಬ ಉಸ್ತಾದ ‘ಆಗಲ್ಲ, ಇದು ಜೋಡಿ ಅಲ್ಲ’ ಅಂದರೆ ಮಾತು ಅಲ್ಲಿಗೆ ಮುಗಿಯಿತು. ಇಬ್ಬರೂ ಒಪ್ಪಿದರೆ ಕೈ ಕೂಡಿಸುತ್ತಾರೆ. ತಕ್ಕಡಿ ಇಲ್ಲದ ಕಾಲದಲ್ಲೂ ಈ ಕೆಲಸವನ್ನು ಕಣ್ಣಳತೆಯಲ್ಲೇ ಮಾಡಿದವರು ಅವರು. ಕುಸ್ತಿಯ ನ್ಯಾಯ ಶುರುವಾಗುವುದು ಅಲ್ಲಿ. ಅಖಾಡದಲ್ಲಿ ನಾವು ನೋಡುವುದು ಅದರ ಮುಂದುವರಿಕೆ.

ಇದು ಹೊಸದಾಗಿ ಬಂದ ರೂಢಿಯೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದದ ಭಾಗವೇ ಇದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸುವುದನ್ನು ಅದು ಹೇಳುತ್ತದೆ. ಸುಮಾರು 1520ರಲ್ಲಿ ಹಂಪಿಯ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿನ ಮಲ್ಲಯುದ್ಧದ ಬಗ್ಗೆ ಬರೆದಿದ್ದಾನೆ. ಹಲ್ಲು ಮುರಿಯುವಂಥ, ಮುಖ ಕೆಡಿಸುವಂಥ ಏಟುಗಳನ್ನು ಕಂಡು ಅವನು ಬೆರಗಾಗಿದ್ದ. ಅದರ ಜೊತೆಗೇ ಅವನು ಇನ್ನೊಂದನ್ನು ಗಮನಿಸಿದ. ಆ ಮಲ್ಲರಿಗೆ ನಾಯಕರೂ ತೀರ್ಪುಗಾರರೂ ಇದ್ದರು, ಕಣದಲ್ಲಿ ಇಬ್ಬರನ್ನೂ ಸಮಾನ ನೆಲೆಯಲ್ಲಿ ನಿಲ್ಲಿಸುವುದು ಅವರ ಕೆಲಸವಾಗಿತ್ತು. ಅಷ್ಟು ಕ್ರೂರವಾದ ಆಟದಲ್ಲೂ ಈ ಒಂದು ಎಚ್ಚರ ಇತ್ತು. ನಮ್ಮ ಜಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲೂ ಅಷ್ಟೇ. ರಕ್ತ ಕಂಡ ಕ್ಷಣ ನಿಲ್ಲುವ ಆ ಕಾಳಗಕ್ಕೆ ಜೋಡಿಗಳನ್ನು ಹಿರಿಯರು ಮುಂಚಿತವಾಗಿಯೇ ಆರಿಸುತ್ತಾರೆ.

ಜೋಡಿ ಅಲ್ಲದ ಜೋಡಿ ಕಟ್ಟಿದಾಗ ಏನಾಗುತ್ತದೆ ಎಂಬುದಕ್ಕೆ ಭಾಗವತದ ದಶಮ ಸ್ಕಂಧದ ಕಂಸನ ರಂಗಸ್ಥಳದ ಪ್ರಸಂಗ ನೆನಪು ಮಾಡಿಕೊಳ್ಳಿ. ಒಂದು ಕಡೆ ಚಾಣೂರ, ಮುಷ್ಟಿಕ. ಇನ್ನೊಂದು ಕಡೆ ಮೀಸೆ ಮೂಡದ ಇಬ್ಬರು ಹುಡುಗರು. ಹರಿಕಥೆಯಲ್ಲಿ ನಾವು ಕೇಳುವುದು ಕೃಷ್ಣ ಚಾಣೂರನನ್ನು ಕೆಡವಿದ ಕಥೆ. ಆದರೆ ಅದಕ್ಕೆ ಮುಂಚೆ ಅಲ್ಲಿ ನೆರೆದಿದ್ದ ಮಥುರೆಯ ಹೆಂಗಸರು ಒಂದು ಮಾತು ಎತ್ತುತ್ತಾರೆ. ಬಲಿಷ್ಠರಿಗೂ ಬಾಲಕರಿಗೂ ಕುಸ್ತಿ ಏರ್ಪಡಿಸಿ, ಅದನ್ನು ರಾಜಸಭೆ ಕೂತು ನೋಡುವುದು ಅಧರ್ಮ ಎಂಬ ಮಾತು ಅದು. ಆ ಹೆಂಗಸರು ಬೈದದ್ದು ಚಾಣೂರನನ್ನಲ್ಲ, ಸಭೆಯನ್ನು. ಆ ಭಾಗವನ್ನು ಓದಿದಾಗಲೆಲ್ಲ ನನಗೆ ಅವರ ಮೇಲೆ ಅಪಾರ ಗೌರವ ಹುಟ್ಟುತ್ತದೆ. ದೇವರೇ ಗೆಲ್ಲುತ್ತಾನೆಂದು ಅವರಿಗೆ ಗೊತ್ತಿರಲಿಲ್ಲ. ಕಣ್ಣೆದುರು ಕಂಡ ಅನ್ಯಾಯವನ್ನು ಅನ್ಯಾಯ ಎಂದರು.

ಈಗ ನನ್ನ ಕುಸ್ತಿಗೆ ಬರುತ್ತೇನೆ.

ನಮ್ಮ ಗರಡಿ ಮೈಸೂರಿನ ಹಳೆಯ ಬೀದಿಯೊಂದರಲ್ಲಿತ್ತು. ಬಾಗಿಲು ಗಿಡ್ಡ, ಎಂಥ ಪೈಲ್ವಾನನಾದರೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ನೆಲ ರಸ್ತೆಗಿಂತ ತಗ್ಗಿನಲ್ಲಿತ್ತು. ಒಂದು ಗೂಡಿನಲ್ಲಿ ನಿಂಬುಜಾದೇವಿ, ಪಕ್ಕದಲ್ಲಿ ಹನುಮಂತನ ಪಟ. ನಡುವೆ ಮಟ್ಟಿ: ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಕುಂಕುಮ, ಕರ್ಪೂರ ಬೆರೆಸಿ ಹದ ಮಾಡಿದ್ದು. ಬಿದ್ದರೆ ಪೆಟ್ಟಾಗದಷ್ಟು ಮೆತ್ತಗಿರಬೇಕು, ಕಾಲು ಹೂತುಹೋಗದಷ್ಟು ಗಟ್ಟಿಯಿರಬೇಕು. ದಿನಾ ಅಗೆದು ಮಗುಚದಿದ್ದರೆ ಮಟ್ಟಿ ಸಾಯುತ್ತದೆ ಎನ್ನುತ್ತಿದ್ದರು ನಮ್ಮ ಉಸ್ತಾದರು. ಹೊಸ ಹುಡುಗರಿಗೆ ತಿಂಗಳುಗಟ್ಟಲೆ ಪಟ್ಟು ಹೇಳಿಕೊಡುತ್ತಿರಲಿಲ್ಲ. ದಂಡೆ, ಬಸ್ಕಿ, ಮಣ್ಣು ಅಗೆಯುವುದು, ದೊಡ್ಡವರ ಕೈಯಲ್ಲಿ ಸಿಕ್ಕಿ ಬೀಳುವುದು, ಇಷ್ಟೇ.

ಶ್ರೀರಂಗಪಟ್ಟಣದ ಆಚೆ ಒಂದು ಊರಿನ ಜಾತ್ರೆ. ಕುಸ್ತಿಯ ಕರಪತ್ರ ಅಚ್ಚಾಗಿ ಹಂಚಿಯಾಗಿತ್ತು. ಬೆಳಗಾವಿ ಕಡೆಯಿಂದ ಬರುವ, ಕೊಲ್ಹಾಪುರದಲ್ಲಿ ತಯಾರಾದ ಪೈಲ್ವಾನರೊಬ್ಬರದು ಅದರಲ್ಲಿ ದೊಡ್ಡ ಹೆಸರು. ಅವರ ಜೋಡಿಯಾಗಿದ್ದವನು ಜ್ವರ ಎಂದು ಬರಲಿಲ್ಲ. ಟಿಕೆಟ್ ಮಾರಿದ್ದಾಗಿತ್ತು. ಜಾತ್ರೆಯ ಹಿಂದಿನ ರಾತ್ರಿ ಸಮಿತಿಯವರು ನಮ್ಮ ಗರಡಿಗೆ ಬಂದು ಯಾರನ್ನಾದರೂ ಕೊಡಿ ಎಂದರು. ನಮ್ಮಲ್ಲಿದ್ದ ಭಾರೀ ಹುಡುಗರೆಲ್ಲ ಬೇರೆ ಜೋಡಿಗೆ ಒಪ್ಪಿಕೊಂಡಿದ್ದರು. ಉಳಿದವನು ನಾನು. ಆಗ ನನ್ನ ತೂಕ ಸುಮಾರು 62 ಕೆಜಿ. ಅವರದು 85ರ ಮೇಲೆ.

ಉಸ್ತಾದರು ಮೊದಲು ಒಪ್ಪಲಿಲ್ಲ. ‘ಇದು ಜೋಡಿ ಅಲ್ಲ ಸ್ವಾಮಿ, ಹುಡುಗನ್ನ ಹಾಳು ಮಾಡಕ್ಕೆ ನಾನು ಸಾಕಿಲ್ಲ’ ಎಂದರು. ಸಮಿತಿಯವರು ಕೈ ಮುಗಿದರು. ಊರಿನ ಮರ್ಯಾದೆ ಎಂದರು. ಆ ಪೈಲ್ವಾನರು ಎರಡು ರೈಲು ಬದಲಾಯಿಸಿ ಬಂದಿದ್ದಾರೆ, ಆಡದೆ ಹೋದರೆ ಅವರಿಗೆ ಇನಾಮೂ ಇಲ್ಲ ಎಂದರು. ಆಗ ಉಸ್ತಾದರು ನನ್ನ ಕಡೆ ತಿರುಗಿ ಆಡ್ತೀಯಾ ಎಂದು ಕೇಳಿದರು. ಹೂಂ ಎಂದೆ. ಆಮೇಲೆ ಅವರು ಸಮಿತಿಯ ಮುಂದೆ ಇಟ್ಟ ಷರತ್ತು ನನ್ನ ಇವತ್ತಿನ ಮಾತಿಗೆಲ್ಲ ಮೂಲ. ‘ಇಪ್ಪತ್ತು ನಿಮಿಷ ಟೈಮು. ಟೈಮ್ ಮುಗಿದ ಮೇಲೆ ಪಾಯಿಂಟು ಅಂತ ಕುಣಿಸಂಗಿಲ್ಲ. ಬೆನ್ನು ಮಣ್ಣಿಗೆ ಬಿದ್ರೆ ಬಿತ್ತು. ಬೀಳದಿದ್ರೆ ಸಮ. ಒಪ್ಪಿದ್ರೆ ಕೈ ಕೊಡಿ.’

ಸಮಿತಿಯವರು ಒಪ್ಪಿದರು. ಅವರು ಹೋದ ಮೇಲೆ ಉಸ್ತಾದರು ನನಗೆ ಹೇಳಿದ್ದು ಒಂದೇ ಮಾತು: ‘ನಾಳೆ ಗೆಲ್ಲಕ್ಕೆ ಹೋಗಬೇಡ. ಚಿತ್ ಆಗದೆ ಬಾ.’

ಮಾರನೆಯ ದಿನ ಕಾಚ ಬಿಗಿಯುತ್ತಿದ್ದಾಗ ನಮ್ಮ ಕಡೆಯವನೇ ಒಬ್ಬ ಹತ್ತಿರ ಬಂದು ಮೈಗೆ ಸ್ವಲ್ಪ ಎಣ್ಣೆ ಸವರಿಕೊಂಡು ಹೋಗು ಎಂದ. ಎಣ್ಣೆ ಇದ್ದರೆ ಹಿಡಿತ ಜಾರುತ್ತದೆ, ತೂಕದವನ ಅರ್ಧ ಬಲ ಅಲ್ಲೇ ಹೋಗುತ್ತದೆ. ಉಸ್ತಾದರ ಕಿವಿಗೆ ಅದು ಬಿತ್ತು. ಹೆಗಲ ಮೇಲಿದ್ದ ಟವೆಲಿನಿಂದ ನನ್ನ ಬೆನ್ನು, ಕತ್ತು, ತೊಡೆ ಎಲ್ಲ ಒರೆಸಿದರು. ಹಾಕಿಯೇ ಇರದ ಎಣ್ಣೆಯನ್ನು ಎಲ್ಲರೂ ನೋಡಲಿ ಎಂಬಂತೆ ಒರೆಸಿದರು. ಕುಸ್ತಿಯಲ್ಲಿ ಇಬ್ಬರೂ ಎದುರಾಳಿಯ ಮೈಗೆ ಮಣ್ಣು ಸವರುವ ಪದ್ಧತಿ ಇದೆ, ಹಿಡಿತ ಕೂರಲಿ ಎಂದು. ಹಿಡಿತದಿಂದ ಹೆಚ್ಚು ಲಾಭ ಬಲಿಷ್ಠನಿಗೇ. ಅಶಕ್ತನಾದವನು ತನ್ನ ಮೈಯನ್ನು ಹಾಗೆ ಹಿಡಿಯಲು ಬಿಟ್ಟುಕೊಡಬೇಕು. ಅಖಾಡಕ್ಕೆ ಇಳಿದಾಗ ಆ ಪೈಲ್ವಾನರು ಒಂದು ಹಿಡಿ ಮಣ್ಣು ತೆಗೆದು ನನ್ನ ಕತ್ತಿಗೂ ಹೆಗಲಿಗೂ ಸವರಿದರು. ಅವರ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು. ನಾನೂ ಸವರಿದೆ. ಸಲಾಮಿಯಾಯಿತು. ತಮಟೆ ಶುರುವಾಯಿತು.

ಬಲಿಷ್ಠನ ಬಲ ಮೊದಲು ಗೊತ್ತಾಗುವುದು ಕತ್ತಿನಲ್ಲಿ. ಅವರು ಬಲಗೈಯನ್ನು ನನ್ನ ಹಿಂಗತ್ತಿನ ಮೇಲಿಟ್ಟು ಸುಮ್ಮನೆ ನಿಂತರು. ಎಳೆಯಲಿಲ್ಲ, ತಳ್ಳಲಿಲ್ಲ. ಆ ಕೈಯ ಭಾರವನ್ನು ಹೊತ್ತು ನಿಲ್ಲುವುದರಲ್ಲೇ ನನ್ನ ತೊಡೆ ನಡುಗತೊಡಗಿತು. ಪೈಲ್ವಾನಿಕೆ ಬಲ್ಲವರು ಹೀಗೆಯೇ ಮಾಡುತ್ತಾರೆ. ಎದುರಾಳಿಯ ಕಾಲನ್ನು ಅವನ ಕತ್ತಿನಿಂದಲೇ ದಣಿಸುತ್ತಾರೆ. ನಾನು ಸುತ್ತು ಹಾಕತೊಡಗಿದೆ. ಮೊಣಕೈ ಪಕ್ಕೆಗೆ ಅಂಟಿಸಿ, ತಲೆಯನ್ನು ಅವರ ಎದೆಗೆ ಕೊಟ್ಟು, ಎಡಕ್ಕೇ ಸುತ್ತಿದೆ. ಅವರು ಒಮ್ಮೆ ಢಾಕ್ ಪಟ್ಟು ಹಾಕಿದರು; ಗಾಳಿಯಲ್ಲಿ ತಿರುಗಿ ಹೊಟ್ಟೆಯ ಮೇಲೆ ಬಿದ್ದೆ. ಆಮೇಲೆ ಬಹಳ ಹೊತ್ತು ನಾನಿದ್ದದ್ದು ಕೆಳಗೇ.

ಸವಾರಿ ಎನ್ನುತ್ತೇವೆ ಅದಕ್ಕೆ. ಮೇಲಿನವನು ಬೆನ್ನ ಮೇಲೆ ಕೂತು, ಮಂಡಿಯಿಂದ ಸೊಂಟ ಒತ್ತಿ, ಕಂಕುಳಲ್ಲಿ ಕೈ ತೂರಿಸಿ ಮಗುಚಲು ನೋಡುತ್ತಾನೆ. ಕೆಳಗಿನವನಿಗೆ ಏನೂ ಕಾಣುವುದಿಲ್ಲ. ನನ್ನ ಗದ್ದ ಮಣ್ಣಿನಲ್ಲಿತ್ತು, ಬಾಯಿ ತುಂಬ ಅರಿಶಿನ ಬೆರೆತ ಮಣ್ಣು. ಕಾಣದಿದ್ದರೂ ಒಂದು ವಿಷಯ ಮೈಗೆ ತಿಳಿಯುತ್ತಾ ಬಂತು: ಅವರ ಉಸಿರು. ಉಸಿರು ತುಂಬಿಕೊಂಡು ಬಿಗಿಹಿಡಿದು ಎತ್ತುತ್ತಿದ್ದರು. ಉಸಿರು ಬಿಟ್ಟಾಗ ಕಂಕುಳಲ್ಲಿದ್ದ ಕೈ ಒಂದಿಷ್ಟು ಸಡಿಲವಾಗುತ್ತಿತ್ತು. ಆ ಸಡಿಲದಲ್ಲಿ ನಾನು ಮೊಣಕೈಯನ್ನು ಮತ್ತೆ ಪಕ್ಕೆಗೆ ಎಳೆದುಕೊಳ್ಳುತ್ತಿದ್ದೆ. ಅವರು ಎತ್ತುವುದು, ನಾನು ಎಳೆದುಕೊಳ್ಳುವುದು. ಹೊರಗಿನಿಂದ ನೋಡುವವರಿಗೆ ಏನೂ ನಡೆಯುತ್ತಿಲ್ಲ ಎನಿಸಿತ್ತು. ಜನ ಕೂಗುತ್ತಿದ್ದರು. ನನ್ನ ಬದುಕಿನಲ್ಲಿ ಇನ್ನೊಬ್ಬ ಮನುಷ್ಯನನ್ನು ಅಷ್ಟು ಗಮನವಿಟ್ಟು ಓದಿದ್ದು ಇನ್ನೊಮ್ಮೆ ಇಲ್ಲ.

ಇಲ್ಲಿ ದೇಹದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸ್ನಾಯುವಿನ ಬಲ ಅದರ ಅಡ್ಡಗಾತ್ರಕ್ಕೆ ತಕ್ಕಂತೆ ಏರುತ್ತದೆ, ಮೈತೂಕ ಏರುವುದು ಒಟ್ಟು ಗಾತ್ರಕ್ಕೆ ತಕ್ಕಂತೆ. ಹಾಗಾಗಿ ದೇಹ ದೊಡ್ಡದಾದಷ್ಟೂ ಬಲ ಹೆಚ್ಚುವುದು ನಿಜವಾದರೂ, ತನ್ನದೇ ತೂಕದ ಲೆಕ್ಕದಲ್ಲಿ ಆ ಬಲ ಕಡಿಮೆಯಾಗುತ್ತಾ ಹೋಗುತ್ತದೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 60 ಕೆಜಿ ವಿಭಾಗದ ನಯೀಮ್ ಸುಲೇಮಾನೊಗ್ಲು 190 ಕೆಜಿ ಎತ್ತಿದರು, ಅಂದರೆ ತಮ್ಮ ಮೈತೂಕದ ಮೂರು ಪಟ್ಟಿಗೂ ಮೇಲೆ. ಭಾರೀ ತೂಕದ ಯಾರಿಗೂ ಆ ಅನುಪಾತ ಸಾಧ್ಯವಾಗಿಲ್ಲ. ದೊಡ್ಡ ಮೈ ಇದ್ದವನು ತನ್ನ ಮೈಯನ್ನೂ ಹೊತ್ತು ಆಡಬೇಕು. ಮೊದಲ ಐದು ನಿಮಿಷ ಅದು ಅವನಿಗೆ ಆಯುಧ. ಹದಿನೈದನೆಯ ನಿಮಿಷಕ್ಕೆ ಹೊರೆ. ನಮ್ಮ ಉಸ್ತಾದರಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಅವರು ಇಪ್ಪತ್ತು ನಿಮಿಷ ಕೇಳಿದ್ದು ಅದನ್ನು ಕಣ್ಣಿನಿಂದ ಕಂಡಿದ್ದಕ್ಕೆ.

ಅಂಚಿಗೆ ಬಂದೆವೆಂದು ಪಂಚರು ಬಿಡಿಸಿ ನಡುವೆ ನಿಲ್ಲಿಸಿದರು. ಮತ್ತೆ ಕೈ ಹಾಕಿದಾಗ ಆ ಪೈಲ್ವಾನರ ಹೆಬ್ಬೆರಳು ನನ್ನ ಮಣಿಕಟ್ಟಿನಿಂದ ಜಾರಿತು. ಮುಂಗೈ ಸೋತಿತ್ತು. ಅವರಿಗೂ ಅದು ಗೊತ್ತಾಯಿತು. ಅಲ್ಲಿಂದ ಅವರ ಆಟ ಬದಲಾಯಿತು, ಆತುರ ಬಂತು. ಕೊನೆಯ ನಿಮಿಷಗಳಲ್ಲಿ ಧೋಬಿ ಪಟ್ಟು ಹಾಕಲು ತಿರುಗಿದರು. ನನ್ನ ತೋಳು ಅವರ ಹೆಗಲ ಮೇಲೆ ಸರಿಯಾಗಿ ಕೂತಿರಲಿಲ್ಲ. ಕೈ ಕಿತ್ತುಕೊಂಡು ಹಿಂದೆ ಹೋದೆ. ಸೊಂಟ ಸಿಕ್ಕಿತು. ಎತ್ತಲು ನೋಡಿದೆ, ಆ ಮೈ ಅಲ್ಲಾಡಲಿಲ್ಲ. ಸೀಟಿ ಮೊಳಗಿತು.

ಸಮ.

ಜನ ಎರಡು ಭಾಗವಾದರು. ಕೆಲವರು ನನ್ನನ್ನು ಹೆಗಲ ಮೇಲೆ ಹೊತ್ತರು. ಕೆಲವರು, ಇಡೀ ಕುಸ್ತಿ ಕೆಳಗೆ ಬಿದ್ದುಕೊಂಡಿದ್ದವನು ಸಮ ಹೇಗಾದಾನು, ಪಾಯಿಂಟ್ ಕೊಟ್ಟಿದ್ದರೆ ಗೊತ್ತಾಗುತ್ತಿತ್ತು ಎಂದರು. ಪಂಚರು ಹಿಂದಿನ ರಾತ್ರಿಯ ಮಾತಿಗೆ ನಿಂತರು. ಇನಾಮನ್ನು ಇಬ್ಬರಿಗೂ ಹಂಚಿದರು.

ಆ ದಿನ ನನಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದೇಕೆ? ಆದರೆ ಆ ರಾತ್ರಿ ದೇವಸ್ಥಾನದ ಪಂಕ್ತಿಯಲ್ಲಿ ಆ ಪೈಲ್ವಾನರ ಪಕ್ಕದಲ್ಲೇ ನನಗೆ ಎಲೆ ಹಾಕಿದರು. ಅವರ ಜೊತೆ ಬಂದಿದ್ದವರು ಆಗಲೇ ಹೊರಟುಹೋಗಿದ್ದರು. ಅವರು ಅನ್ನ ಕಲಸುತ್ತಾ ನನ್ನ ಕಡೆ ನೋಡದೆ ಹೇಳಿದರು: ‘ತಮ್ಮಾ, ನೀ ಚಲೋ ಆಡಿದಿ. ಆದ್ರ ನನ್ನ ಲೆಕ್ಕ ಕೇಳು. ದೊಡ್ಡವನ ಕೂಡ ಬಿದ್ರೂ ಹೆಸರು ಉಳೀತದ. ಸಣ್ಣವನ ಕೂಡ ಗೆದ್ರ ಯಾರೂ ಕೇಳಂಗಿಲ್ಲ, ಸಮ ಆದ್ರ ಹೆಸರ ಹೋಗ್ತದ. ನಾಳೆ ನನ್ನ ಯಾರು ಕರೀತಾರ?’

ಅಸಮ ಜೋಡಿಯಿಂದ ಅನ್ಯಾಯವಾಗುವುದು ಚಿಕ್ಕವನಿಗೆ ಎಂದಷ್ಟೇ ಲೋಕ ತಿಳಿದಿದೆ, ಅಲ್ಲಿಯವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ಅವರ ಮಾತಿನಿಂದ ಇನ್ನೊಂದು ಮಗ್ಗುಲು ಕಂಡಿತು. ನನ್ನ ಎದುರು ಅವರಿಗೆ ಗೆಲ್ಲುವ ದಾರಿಯೇ ಇರಲಿಲ್ಲ. ನನಗೆ ಮೂರು ಫಲಿತಾಂಶಗಳಲ್ಲಿ ಎರಡು ಮರ್ಯಾದೆಯವು, ಮೂರನೆಯದರಲ್ಲಿ ಅವಮಾನವಿಲ್ಲ. ಅವರಿಗೆ ಒಂದರಲ್ಲೂ ಮರ್ಯಾದೆ ಇಲ್ಲ. ಕುಸ್ತಿಯೇ ಹೊಟ್ಟೆಪಾಡಾಗಿದ್ದ ಮನುಷ್ಯ ಅವರು. ನಾನು ಬಿ.ಎ. ಓದುತ್ತಿದ್ದವನು, ಸೋತರೂ ಮಾರನೆಯ ದಿನ ಕ್ಲಾಸಿಗೆ ಹೋಗುವವನು. ಅಖಾಡದಲ್ಲಿ ಅವರು ಬಲಿಷ್ಠರು ನಿಜ. ಅಖಾಡದ ಹೊರಗೆ ಯಾರು ಬಲಿಷ್ಠರಾಗಿದ್ದರು? ಚಿಕ್ಕವನ ಸಾಹಸವನ್ನು ಕೊಂಡಾಡುವ ಕಥೆಗಳು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಕೇಳಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಇನ್ನು ‘ಸಮ’ ಎಂಬ ಫಲಿತಾಂಶದ ಬಗ್ಗೆ. ನಾಡಕುಸ್ತಿಯ ಹಳೆಯ ನಿಯಮದಲ್ಲಿ ಸೋಲು ಎಂದರೆ ಎರಡು ಹೆಗಲೂ ಮಣ್ಣಿಗೆ ತಾಗುವುದು. ಬೇರೆ ಯಾವುದಕ್ಕೂ ಲೆಕ್ಕವಿಲ್ಲ. ಎಳೆದಾಡಿಸಿಕೊಂಡಿರಿ, ಕೆಳಗೆ ಬಿದ್ದಿರಿ, ಬೆನ್ನು ಕೊಡದಿದ್ದರೆ ಸೋತಿಲ್ಲ. ಈಗಿನ ಮ್ಯಾಟ್ ಕುಸ್ತಿಯಲ್ಲಿ ಮೂರು ಮೂರು ನಿಮಿಷದ ಎರಡು ಅವಧಿ. ಕೆಡವುವುದಕ್ಕೆ, ಮಗುಚುವುದಕ್ಕೆ, ಎದುರಾಳಿಯನ್ನು ಹೊರಗೆ ತಳ್ಳುವುದಕ್ಕೆ ಪಾಯಿಂಟು. ಫ್ರೀಸ್ಟೈಲ್‌ನಲ್ಲಿ ಅಂತರ ಹತ್ತಾದರೆ ಕುಸ್ತಿ ಅಲ್ಲಿಗೇ ಮುಗಿಯಿತು. ಪಾಯಿಂಟು ಸಮನಾದರೂ ಯಾರು ದೊಡ್ಡ ಪಟ್ಟಿನ ಪಾಯಿಂಟು ಗಳಿಸಿದರು, ಯಾರು ಕೊನೆಗೆ ಗಳಿಸಿದರು ಎಂದು ನೋಡಿ ಒಬ್ಬರನ್ನು ಗೆಲ್ಲಿಸಲೇಬೇಕು. ಅಲ್ಲಿ ಸಮ ಇಲ್ಲ. ನಾನು ಆಡಿದ ಕುಸ್ತಿ ಮ್ಯಾಟಿನ ಮೇಲೆ ನಡೆದಿದ್ದರೆ ಎರಡನೆಯ ನಿಮಿಷಕ್ಕೇ ಮುಗಿಯುತ್ತಿತ್ತು.

ಮ್ಯಾಟ್ ಕುಸ್ತಿಯನ್ನು ನಾನು ಹಳಿಯುತ್ತಿಲ್ಲ. ಅದು ತೂಕದ ವಿಭಾಗಗಳನ್ನು ತಂದಿತು, ಅದು ದೊಡ್ಡ ನ್ಯಾಯ. ಆ ವಿಭಾಗಗಳು ಇದ್ದುದರಿಂದಲೇ ಕರಾಡ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ್, ಕೊಲ್ಹಾಪುರದ ಮಣ್ಣಿನಲ್ಲಿ ತಯಾರಾದ ಸಣ್ಣ ಮೈಯ ಪೈಲ್ವಾನ, 1952ರ ಹೆಲ್ಸಿಂಕಿಯಲ್ಲಿ ಬ್ಯಾಂಟಮ್ ತೂಕದ ಕಂಚು ಗೆದ್ದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದರು. ಆದರೆ ಅಸಮ ಜೋಡಿ ಬಿದ್ದೇ ಬಿಟ್ಟಾಗ ಚಿಕ್ಕವನಿಗೆ ಹಳೆಯ ನಿಯಮ ಕೊಡುತ್ತಿದ್ದ ಜಾಗ ಹೊಸ ನಿಯಮದಲ್ಲಿ ಇಲ್ಲ.

ಸಮದ ಫಲಿತಾಂಶ ಎಲ್ಲ ಸಲವೂ ಒಂದೇ ತೂಕದ್ದಲ್ಲ ಎಂಬುದನ್ನೂ ಹೇಳಬೇಕು. ಗಾಮಾ ಪೈಲ್ವಾನರ ಹೆಸರು ಕೇಳದವರು ಇಲ್ಲಿ ಇಲ್ಲ. 5 ಅಡಿ 7 ಅಂಗುಲದ ಆ ಮನುಷ್ಯ ಹೆಸರು ಗಳಿಸಿದ್ದು ಮೊದಲು ಒಂದು ಸಮದಿಂದ. ಆ ಕಾಲದ ಅತಿ ದೊಡ್ಡ ಪೈಲ್ವಾನ, ಸುಮಾರು 7 ಅಡಿ ಎತ್ತರದವನೆಂದು ಖ್ಯಾತನಾದ ರಹೀಮ್ ಬಕ್ಷ್ ಸುಲ್ತಾನಿವಾಲಾನ ಎದುರು ಯುವಕ ಗಾಮಾ ಚಿತ್ ಆಗದೆ ಉಳಿದರು. ಮತ್ತೆ ಮತ್ತೆ ಎದುರಾದರು, ಮತ್ತೆ ಸಮವಾಯಿತು. ಕೊನೆಗೆ ಅಲಹಾಬಾದಿನಲ್ಲಿ ಗೆದ್ದರು. ಇದೇ ಗಾಮಾ 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೊ ಎದುರು ಆಡಿದಾಗ, ಗಾಮಾ ಅವರಿಗಿಂತ ಭಾರವಾಗಿದ್ದ ಆ ಪೈಲ್ವಾನ ಎರಡೂವರೆ ಗಂಟೆಗೂ ಹೆಚ್ಚು ಹೊತ್ತಿನ ಕುಸ್ತಿಯ ಬಹುಪಾಲನ್ನು ಹೊಟ್ಟೆಯ ಮೇಲೆ ಮಲಗಿಯೇ ಕಳೆದ. ಅದೂ ಸಮವೇ ಆಯಿತು. ಒಂದು ವಾರದ ನಂತರ ಮತ್ತೆ ಆಡಬೇಕಿತ್ತು. ಜ್ಬಿಸ್ಕೊ ಬರಲೇ ಇಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೇ ಕೆಡವಿದರು.

ನಾನೂ ಹೊಟ್ಟೆಯ ಮೇಲೆ ಮಲಗಿದ್ದವನೇ. ಹಾಗಾದರೆ ನನಗೂ ಜ್ಬಿಸ್ಕೊನಿಗೂ ಏನು ವ್ಯತ್ಯಾಸ ಎಂದು ನೀವು ಕೇಳಬಹುದು. ಅವನು ಜಗತ್ತಿನ ಮೊದಲ ಸಾಲಿನ ಪೈಲ್ವಾನ. ಎದ್ದು ಆಡುವ ಬಲ ಇದ್ದೂ ಏಳಲಿಲ್ಲ, ಎರಡನೆಯ ಸಲ ಕರೆದಾಗ ಬರಲಿಲ್ಲ. ಅಶಕ್ತನಿಗೆ ನಿಯಮ ಕೊಟ್ಟ ಆಸರೆಯನ್ನು ಸಶಕ್ತ ಬಳಸಿಕೊಂಡ. ಇದು ಕುಸ್ತಿಯಲ್ಲಿ ಮಾತ್ರ ನಡೆಯುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತಿದೆ. ಗಾಮಾ ಮಾತ್ರ ರಹೀಮ್ ಬಕ್ಷ್ ಎದುರು ಪ್ರತಿ ಸಲವೂ ಬಂದರು. ನನ್ನ ದೃಷ್ಟಿಯಲ್ಲಿ ಸಮದ ಬೆಲೆ ನಿರ್ಧಾರವಾಗುವುದು ಅಲ್ಲಿ: ಮತ್ತೆ ಕರೆದರೆ ಬರುತ್ತೀಯಾ?

ಹೊಸ ನಿಯಮದೊಳಗೂ ಈ ಹಳೆಯ ವಿದ್ಯೆ ಜೀವಂತ ಇರುವುದನ್ನು ನಾನು ಕಂಡದ್ದು 2024ರ ಆಗಸ್ಟ್ 6ರಂದು, ಟಿ.ವಿ.ಯಲ್ಲಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಅವರ ಮೊದಲ ಎದುರಾಳಿ ಜಪಾನಿನ ಯೂಯಿ ಸುಸಾಕಿ. ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಆವರೆಗೆ ಸೋಲನ್ನೇ ಕಾಣದವರು, ಟೋಕಿಯೊದಲ್ಲಿ ಒಂದು ಪಾಯಿಂಟನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದವರು. ವಿನೇಶ್ ನಿಷ್ಕ್ರಿಯತೆಗಾಗಿ ಒಂದು ಪಾಯಿಂಟು ಕೊಟ್ಟರು, ಮತ್ತೊಂದು ಕೊಟ್ಟರು. ಪಾಯಿಂಟು ಕೊಟ್ಟರೇ ಹೊರತು ಕಾಲು ಕೊಡಲಿಲ್ಲ. ನನ್ನ ಪಕ್ಕ ಕೂತವರು ಏನೂ ಆಡುತ್ತಿಲ್ಲವಲ್ಲ ಎಂದರು. ನಾನು ನೋಡುತ್ತಿದ್ದುದು ಸುಸಾಕಿಯ ಕೈಗಳನ್ನು. 0–2ರಲ್ಲಿ, ಕೊನೆಯ ಕೆಲವೇ ಸೆಕೆಂಡು ಉಳಿದಿದ್ದಾಗ ವಿನೇಶ್ ಒಳನುಗ್ಗಿ ಕೆಡವಿದರು. 3–2. ಗೆಲ್ಲುವ ಆತುರವಿಲ್ಲದೆ, ಸೋಲದೆ ಉಳಿಯುವುದರಲ್ಲೇ ಆರು ನಿಮಿಷ ಕಳೆದ ಮನಸ್ಸು ಎಂಥದು ಎಂಬುದು ಮಣ್ಣು ತಿಂದವರಿಗೆ ಅರ್ಥವಾಗುತ್ತದೆ. ಅದೇ ದಿನ ಅವರು ಫೈನಲ್ ತಲುಪಿದರು. ಮಾರನೆಯ ಬೆಳಿಗ್ಗೆ 50 ಕೆಜಿಗಿಂತ 100 ಗ್ರಾಂ ಹೆಚ್ಚಿದ್ದಾರೆಂದು ಅನರ್ಹರಾದರು. ಚಿಕ್ಕವರನ್ನು ಕಾಪಾಡಲು ಬಂದ ತಕ್ಕಡಿಯೇ ಅದು. ನಿಯಮ ನಿಯಮವೇ, ಒಪ್ಪುತ್ತೇನೆ. ಆದರೂ ಆ ಬೆಳಿಗ್ಗೆ ನನಗೆ ಊಟ ಸೇರಲಿಲ್ಲ.

ಇಷ್ಟು ಹೇಳಿ, ಈ ಸಭೆಯಲ್ಲಿರುವ ಕುಸ್ತಿ ಸಂಘಗಳ ಪದಾಧಿಕಾರಿಗಳಿಗೂ ಜಾತ್ರಾ ಸಮಿತಿಯವರಿಗೂ ಕೆಲವು ಮಾತು ಬಿನ್ನವಿಸುತ್ತೇನೆ. ಇವತ್ತಿಗೂ ಹಳ್ಳಿಯ ಜಾತ್ರೆಗಳಲ್ಲಿ ಜನ ಸೇರಲಿ ಎಂದು ಜೋಡಿಯಲ್ಲದ ಜೋಡಿ ಕಟ್ಟುವುದು ನಡೆಯುತ್ತಿದೆ. ಈಗ ಹೆಣ್ಣುಮಕ್ಕಳೂ ಅಖಾಡಕ್ಕೆ ಇಳಿಯುತ್ತಿದ್ದಾರೆ. ಎದುರಾಳಿ ಸಿಗಲಿಲ್ಲ ಎಂದು ಹದಿನಾಲ್ಕರ ಹುಡುಗಿಯನ್ನು ಇಪ್ಪತ್ತರವಳ ಎದುರು ನಿಲ್ಲಿಸಿದ್ದನ್ನು ನಾನೇ ನೋಡಿದ್ದೇನೆ. ಕರಪತ್ರದಲ್ಲಿ ಹೆಸರಿನ ಜೊತೆ ತೂಕವನ್ನೂ ವಯಸ್ಸನ್ನೂ ಅಚ್ಚು ಹಾಕಿಸಿ. ಜೋಡಿ ತಪ್ಪಿಹೋದರೆ ಆ ಕುಸ್ತಿಯನ್ನು ರದ್ದು ಮಾಡುವ ಧೈರ್ಯ ಮಾಡಿ, ಬಂದ ಪೈಲ್ವಾನರಿಗೆ ದಾರಿಖರ್ಚೂ ಒಪ್ಪಿಕೊಂಡ ಇನಾಮಿನ ಒಂದು ಭಾಗವೂ ಸಿಗುವಂತೆ ಮೊದಲೇ ತೆಗೆದಿಡಿ. ಆ ರಾತ್ರಿ ಸಮಿತಿಯ ಬಳಿ ಅಂಥ ಹಣವೊಂದು ಇದ್ದಿದ್ದರೆ, ಆ ಬೆಳಗಾವಿ ಕಡೆಯ ಪೈಲ್ವಾನರು ನನ್ನಂಥವನ ಎದುರು ಇಳಿಯಬೇಕಾದ ಅಗತ್ಯವೇ ಇರುತ್ತಿರಲಿಲ್ಲ. ನಾಡಕುಸ್ತಿಯಲ್ಲಿ ಟೈಮ್ ಮುಗಿದ ಮೇಲೆ ಪಾಯಿಂಟಿನ ಮೇಲೆ ತೀರ್ಮಾನಿಸುವ ಒತ್ತಾಯ ಹೆಚ್ಚುತ್ತಿದೆ. ದಯವಿಟ್ಟು ಸಮವನ್ನು ಉಳಿಸಿಕೊಳ್ಳಿ.

ಉಳಿದ ಶ್ರೋತೃಗಳಲ್ಲಿ ಒಂದೇ ಕೋರಿಕೆ. ದಸರೆಯಲ್ಲಿ ಕೊನೆಯ ದಿನದ ದೊಡ್ಡ ಕುಸ್ತಿಗಳನ್ನು ನೋಡಲು ನೀವು ಹೋಗುತ್ತೀರಿ. ಮುಂದಿನ ವರ್ಷ ಜೋಡಿ ಕಟ್ಟುವ ದಿನವೂ ಹೋಗಿ. ಅಲ್ಲಿ ಒಬ್ಬ ಉಸ್ತಾದ ತನ್ನ ಹುಡುಗನ ಹೆಗಲ ಮೇಲೆ ಕೈಯಿಟ್ಟು ಆಗಲ್ಲ, ಇದು ಜೋಡಿ ಅಲ್ಲ ಎಂದಾಗ, ಸುತ್ತ ನಿಂತವರು ಅವನನ್ನು ಒತ್ತಾಯಿಸದಂತೆ ನೋಡಿಕೊಳ್ಳಿ.